ತೆರೆಯ ಮೇಲೆ ತಮ್ಮನ ಬೂಟು

ಊಟದ ನೆಪದಲ್ಲಿ ಭಾಷಣವೋ, ಭಾಷಣದ ನೆಪದಲ್ಲಿ ಊಟವೋ ಎಂಬುದು ಆ ಸಂಘದವರಿಗೇ ಇನ್ನೂ ತೀರ್ಮಾನವಾಗಿರಲಿಲ್ಲ. ತಿಂಗಳಿಗೊಮ್ಮೆ ಊರಿನ ಇಂಜಿನಿಯರುಗಳೆಲ್ಲ ಹೋಟೆಲಿನ ಮೊದಲ ಮಹಡಿಯ ಹಾಲಿನಲ್ಲಿ ಸೇರುತ್ತಿದ್ದರು. ಒಬ್ಬರು ನಿಂತು ಮಾತಾಡುವುದು, ಉಳಿದವರು ಕೂತು ಮೆಲ್ಲುವುದು. ಹೀಗೆ ಎಲ್ಲರ ಬಾಯಿಗೂ ಏಕಕಾಲಕ್ಕೆ ಕೆಲಸ. ನಿಯಮಗಳು ಎರಡೇ. ಫೋನನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಒಳಗೆ ಬರಬೇಕು, ಯಾಕೆಂದರೆ ಗುತ್ತಿಗೆದಾರರಿಗೆ ಇಂಜಿನಿಯರ್ ನೆನಪಾಗುವುದೇ ಅವನು ತುತ್ತೆತ್ತಿದಾಗ. ಎರಡನೆಯದು, ಪ್ರಶ್ನೆ ಏನಿದ್ದರೂ ಐಸ್‌ಕ್ರೀಮ್ ಬಂದ ಮೇಲೆ. ಅಲ್ಲಿಯವರೆಗೆ ಭಾಷಣಕಾರರು ಏನು ಬಡಿಸಿದರೂ ನುಂಗಿಕೊಳ್ಳಬೇಕು.

ಈ ಸಲ ನಿಂತು ಮಾತಾಡುವ ಸರದಿ ಭೀಮಕ್ಕನದು. ಬೀಮುಗಳ ಲೆಕ್ಕ ಹಾಕುವವಳಾದ್ದರಿಂದ ಗೆಳೆಯರು ಕಟ್ಟಿದ ಹೆಸರು ಅದು. ಆಳು ಮಾತ್ರ ಗಾಳಿ ಬೀಸಿದರೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕು, ಅಷ್ಟು ಸಣಕಲು. ಬೆಳಗಿನಿಂದ ಅವಳು ಭಾಷಣದ ಹಾಳೆಯನ್ನು ತಿದ್ದಿ ತಿದ್ದಿ ಹರಿಯುವ ಹಾಗೆ ಮಾಡಿದ್ದಳು. ಕಾರಣ, ಮುಂದಿನ ಮೇಜಿನಲ್ಲಿ ಕೂತಿದ್ದ ಸಂದೇಹದಜ್ಜ.

ಅಜ್ಜ ಸಂಘದ ಅತಿ ಹಿರಿಯ ಸದಸ್ಯ. ಐಸ್‌ಕ್ರೀಮ್ ಬಂದ ಕೂಡಲೇ ಗಂಟಲು ಸರಿಮಾಡಿಕೊಂಡು, "ಹ್ಞೂಂ... ನಂದೊಂದು ಸಣ್ಣ ಸಂದೇಹ" ಎಂದು ಮೂಗಿನಲ್ಲಿ ರಾಗ ಎಳೆಯುತ್ತಿದ್ದರು. ಆ ಸಣ್ಣ ಸಂದೇಹಕ್ಕೆ ಸಿಕ್ಕಿದ ದೊಡ್ಡ ದೊಡ್ಡ ಇಂಜಿನಿಯರುಗಳು ಐಸ್‌ಕ್ರೀಮಿಗಿಂತ ಮೊದಲು ಕರಗಿ ಹೋಗಿದ್ದರು.

"ಅಜ್ಜ ಏನಾದ್ರೂ ಕೇಳಿದ್ರೆ ಗೊತ್ತಿಲ್ಲ ಅನ್ಬೇಡ ಕಣೇ," ಎಂದು ಸೋದರಮಾವ ಕಿವಿಯಲ್ಲಿ ಉಸುರಿದ. ಭೀಮಕ್ಕ ಕೆಲಸ ಮಾಡುವ ಕಚೇರಿಯ ಯಜಮಾನನೂ ಅವನೇ, ಸಂಘದ ಕಾರ್ಯದರ್ಶಿಯೂ ಅವನೇ. "ಪರಿಶೀಲಿಸ್ತೀನಿ ಸಾರ್ ಅನ್ನು. ಇಂಜಿನಿಯರ್ ಭಾಷೇಲಿ ಗೊತ್ತಿಲ್ಲ ಅನ್ನೋಕೆ ಅದೇ ಪದ. ಮತ್ತೆ ಸ್ವಲ್ಪ ನಗು. ಹೆಣ ನೋಡ್ಕೊಂಡು ಬಂದೋಳ ಹಾಗೆ ನಿಂತ್ಕೋಬೇಡ."

"ಮಾವ, ನಂಗೆ ಕೈಕಾಲು ನಡುಗ್ತಿದೆ."

"ನಡುಗ್ಲಿ ಬಿಡು. ನಡುಗೋ ಕಟ್ಟಡಾನೇ ಭೂಕಂಪದಲ್ಲಿ ಉಳಿಯೋದು."

ಮಾತಿನ ವಿಷಯ ಮಾವನೇ ಆರಿಸಿದ್ದು: ಕೂತಲ್ಲೇ ತಪಾಸಣೆ. ಕಾಂಕ್ರೀಟು ಸುರಿಯುವ ಮೊದಲು ಇಂಜಿನಿಯರ್ ಖುದ್ದಾಗಿ ಏಣಿ ಹತ್ತಿ, ಕಂಬಿ ಕಟ್ಟಿದ್ದನ್ನು ಮುಟ್ಟಿ ನೋಡಿ, ಸರಿ ಎಂದರೆ ಮಾತ್ರ ಕೆಲಸ ಮುಂದುವರಿಯಬೇಕು. ಇದು ಅಜ್ಜನ ಕಾಲದ ಪದ್ಧತಿ. ಮಾವ ಅದನ್ನು ಬದಲಾಯಿಸಿದ್ದ. ಕೆಲಸದ ಜಾಗದಿಂದ ಮೇಲ್ವಿಚಾರಕ ಫೋಟೋ ಕಳಿಸುವುದು, ಕಚೇರಿಯಲ್ಲಿ ಕೂತವರು ಫೋನಿನಲ್ಲಿ ನೋಡಿ "ಹಾಕು" ಎನ್ನುವುದು. ಪೆಟ್ರೋಲ್ ಉಳಿಯಿತು, ಹೊತ್ತು ಉಳಿಯಿತು, ಮೊಣಕಾಲೂ ಉಳಿಯಿತು. ಈ ಭಾಷಣ ಚೆನ್ನಾಗಿ ಆದರೆ ನಾಲ್ಕು ಕಚೇರಿಗಳು ಈ ಪದ್ಧತಿಯನ್ನು ಮಾವನಿಂದಲೇ ಕಲಿಯಲು ಬರುವವರಿದ್ದರು.

ಭೀಮಕ್ಕ ಮೈಕು ಹಿಡಿದಳು. ಚಮಚಗಳ ಟಿಣಿಟಿಣಿ ನಡುವೆ ಅವಳ ಸ್ವರ ಮೊದಲು ಇಲಿಯಂತೆ, ಆಮೇಲೆ ಬೆಕ್ಕಿನಂತೆ, ಕೊನೆಗೆ ಮನುಷ್ಯರಂತೆ ಹೊರಟಿತು. ಹಿಂದಿನ ತೆರೆಯ ಮೇಲೆ ಒಂದೆರಡು ಚಿತ್ರ ದಾಟಿದವು. ಯಾರೋ ನಕ್ಕರು. ಪರವಾಗಿಲ್ಲ, ಬದುಕುತ್ತೇನೆ ಎಂದುಕೊಂಡು ಮುಂದಿನ ಚಿತ್ರದ ಗುಂಡಿ ಒತ್ತಿದಳು.

ತೆರೆಯ ಮೇಲೆ ಅವಳ ತಮ್ಮ ಬಂದ.

ಊರಾಚೆ ಕಟ್ಟುತ್ತಿದ್ದ ಆಸ್ಪತ್ರೆಯ ಕೆಲಸಕ್ಕೆ ತಮ್ಮನೇ ಮೇಲ್ವಿಚಾರಕ. ಮಾವನ ಕೈಕಾಲು ಹಿಡಿದು ಅವನನ್ನು ಆ ಕೆಲಸಕ್ಕೆ ಸೇರಿಸಿದ್ದು ಅವಳೇ. ಆಸ್ಪತ್ರೆಯ ಮುಂಬಾಗಿಲಿಗೆ ಒಂದು ಚಾವಣಿ: ಹಿಂದೆ ಗೋಡೆಗೆ ಅಂಟಿಕೊಂಡು, ಮುಂದೆ ಯಾವ ಕಂಬವೂ ಇಲ್ಲದೆ ಗಾಳಿಯಲ್ಲಿ ಚಾಚಿಕೊಂಡಿರುವಂಥದು. ಕೆಳಗೆ ರೋಗಿಗಳ ಗಾಡಿ ಬಂದು ನಿಲ್ಲಲಿ ಎಂದು. ಅದಕ್ಕೆ ಕಾಂಕ್ರೀಟು ಸುರಿಯುವ ಮುಂಚೆ ಕಳಿಸಿದ್ದ ಫೋಟೋ ಇದು. ಕಂಬಿಗಳ ಜಾಲದ ಮೇಲೆ ತಮ್ಮ ಸೊಂಟಕ್ಕೆ ಕೈಯಿಟ್ಟು ಹಲ್ಲು ಕಿರಿಯುತ್ತಾ ನಿಂತಿದ್ದ. "ಅಕ್ಕಾ, ಭಾಷಣದಲ್ಲಿ ನಂದೊಂದು ಫೋಟೋ ಹಾಕೇ. ದೊಡ್ಡ ಪರದೆ ಮೇಲೆ ಬರೋ ಯೋಗ ನಂಗಿನ್ನೆಲ್ಲಿದೆ" ಎಂದು ಅವನು ಗೋಗರೆದಿದ್ದರಿಂದಲೇ ಹಾಕಿದ್ದಳು.

"ಹೀರೋ!" ಎಂದು ಹಿಂದಿನ ಮೇಜಿನವರು ಕೂಗಿದರು. ಇಡೀ ಹಾಲ್ ನಕ್ಕಿತು. ಭೀಮಕ್ಕನೂ ನಗುತ್ತಾ ತೆರೆಯತ್ತ ತಿರುಗಿದಳು. ಫೋನಿನಲ್ಲಿ ಹೆಬ್ಬೆರಳಷ್ಟಿದ್ದ ತಮ್ಮ ಇಲ್ಲಿ ಗೋಡೆಯೆತ್ತರ ಆಗಿದ್ದ. ಅವನ ಬೂಟೇ ಅವಳ ತಲೆಯಷ್ಟಿತ್ತು. ಅವಳ ಕಣ್ಣು ಆ ಬೂಟಿನ ಮೇಲೆ ಬಿತ್ತು. ಬೂಟಿನ ಕೆಳಗೂ ಬಿತ್ತು.

ಅವಳು ತೆರೆಯತ್ತ ಒಂದು ಹೆಜ್ಜೆ ಇಟ್ಟಳು.

ಒಂದೇ ಕಡೆ ಆಧಾರವಿರುವ ಚಾವಣಿಗೆ ಜೀವ ಇರುವುದು ಮೇಲ್ಭಾಗದ ಕಂಬಿಯಲ್ಲಿ. ತುದಿ ಕೆಳಗೆ ಜಗ್ಗಿದಾಗ ಗೋಡೆಯ ಹತ್ತಿರ ಮೇಲುಗಡೆ ಎಳೆತ ಬೀಳುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಆ ಕಂಬಿ. ಅದು ಮೇಲೇ ಇರಲಿ ಎಂದು ಕೆಳಗೆ ಬಗ್ಗಿಸಿದ ಕಬ್ಬಿಣದ ಪುಟ್ಟ ಕಾಲುಗಳನ್ನು ಕೊಡುತ್ತಾರೆ. ಕೆಲಸದವರು ಅದಕ್ಕೆ ಚೇರ್ ಎನ್ನುತ್ತಾರೆ. ಚಿತ್ರದಲ್ಲಿ ತಮ್ಮನ ಬೂಟಿನಡಿ, ಅವನ ಆಚೆ, ಈಚೆ, ಗೋಡೆಯುದ್ದಕ್ಕೂ ಮೇಲಿನ ಕಂಬಿಗಳೆಲ್ಲ ತುಳಿತಕ್ಕೆ ಸಿಕ್ಕಿ ಕಾಂಕ್ರೀಟು ಸುರಿಯಲು ಹಾಸಿದ ತಳದ ಹಲಗೆಗೆ ತಾಗಿ ಮಲಗಿದ್ದವು. ಹಾಲಿನಲ್ಲಿ ಎಲ್ಲರಿಗೂ ಚೇರ್ ಇತ್ತು. ಕಂಬಿಗೆ ಮಾತ್ರ ಇರಲಿಲ್ಲ.

ಆ ದಿನ ಏಣಿ ಹತ್ತಬೇಕಾದವಳು ಅವಳು. ಹತ್ತಿರಲಿಲ್ಲ. ಇದೇ ಭಾಷಣ ಬರೆಯುತ್ತಾ ಕೂತಿದ್ದಳು. ಫೋನು ನೋಡಿ "ಚೆನ್ನಾಗಿದೆ ಕಣೋ, ಹಾಕು" ಎಂದಿದ್ದಳು.

ಇನ್ನೊಂದು ನೆನಪಾಯಿತು. ಬೆಳಿಗ್ಗೆ ಸೀರೆ ಉಡುವಾಗ ತಮ್ಮ ಫೋನು ಮಾಡಿದ್ದ. "ಅಕ್ಕಾ, ಇವತ್ತು ಚಾವಣಿ ಜಾಕಿ ಬಿಚ್ಚಿಸ್ತೀನಿ." ಕಾಂಕ್ರೀಟು ಗಟ್ಟಿಯಾಗುವವರೆಗೆ ಕೆಳಗಿನಿಂದ ಹೊತ್ತು ನಿಲ್ಲುವ ಕಬ್ಬಿಣದ ಕಂಬಗಳವು. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಅವಳು "ಹ್ಞೂಂ, ಬಿಚ್ಚು" ಎಂದಿದ್ದಳು. ಈಗ ಊಟದ ಹೊತ್ತು. ಆ ಬಯಲಿನಲ್ಲಿ ನೆರಳೆಂದರೆ ಆ ಚಾವಣಿಯದೊಂದೇ. ಕೆಲಸದವರೆಲ್ಲ ಉಣ್ಣುವುದೂ ಅಲ್ಲೇ, ಒರಗುವುದೂ ಅಲ್ಲೇ.

ಅವಳ ಬಾಯಿ ಮಾತ್ರ, ತಲೆ ಕಡಿದ ಮೇಲೂ ಓಡುವ ಕೋಳಿಯಂತೆ, ತನ್ನಷ್ಟಕ್ಕೆ ಓಡುತ್ತಲೇ ಇತ್ತು. "ಹೀಗೆ, ಚಿತ್ರ ಸ್ಪಷ್ಟವಾಗಿದ್ದರೆ, ಸ್ಥಳಕ್ಕೆ ಹೋಗುವ ಅಗತ್ಯವೇ..." ಸ್ವರ ಅಲ್ಲಿಗೆ ಕಡಿದುಹೋಯಿತು.

ಮಾವ ಚಮಚ ಅಲ್ಲಾಡಿಸಿದ: ಮುಂದಕ್ಕೆ, ಮುಂದಕ್ಕೆ. ಅವಳು ಅಜ್ಜನ ಕಡೆ ನೋಡಿದಳು. ಅಜ್ಜನ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತ್ತು. ಅವರೂ ಬೂಟನ್ನೇ ನೋಡುತ್ತಿದ್ದರು. ಐಸ್‌ಕ್ರೀಮ್ ಇನ್ನೂ ಬಂದಿರಲಿಲ್ಲ. ಅಜ್ಜ ತುತ್ತು ಕೆಳಗಿಟ್ಟು, ಗಂಟಲು ಸರಿಮಾಡಿಕೊಳ್ಳದೆ, ರಾಗ ಎಳೆಯದೆ ಕೇಳಿದರು:

"ಮಗೂ, ಜಾಕಿ ಇದೆಯೋ, ಬಿಚ್ಚಾಯ್ತೋ?"

"ಈಗ ಬಿಚ್ತಿದಾರೆ, ಅಜ್ಜ."

ಚಮಚಗಳು ನಿಂತವು.

"ನನ್ನ ಫೋನು!" ಎಂದು ಭೀಮಕ್ಕ ಮೈಕು ಹಿಡಿದೇ ಬಾಗಿಲಿಗೆ ಓಡಿದಳು. ಮೈಕಿನ ತಂತಿಗೆ ಸಿಕ್ಕಿ ಒಂದು ನೀರಿನ ಜಗ್ಗು ಉರುಳಿತು. ಬುಟ್ಟಿಯಲ್ಲಿ ಎಲ್ಲ ಫೋನೂ ಕಪ್ಪು, ಎಲ್ಲವೂ ಒಂದೇ ತಾಯಿಯ ಮಕ್ಕಳು. ಒಂದೊಂದೇ ತೆಗೆದು ಎಸೆಯುತ್ತಾ ಹುಡುಕಿದಳು. ಹಿಂದೆಯೇ ಬಂದ ಮಾವ ತೋಳು ಹಿಡಿದ.

"ಏನೇ ಇದು ಹುಚ್ಚಾಟ? ಫೋಟೋ ತೆಗೆದ ಮೇಲೆ ಕಂಬಿ ಎತ್ತಿ ಕೂರಿಸಿರ್ತಾರೆ. ಅವನೇನು ಕುರುಡನಾ? ಇಷ್ಟು ಜನರ ಮುಂದೆ ನನ್ನ ಮಾನ ಹರಾಜು ಹಾಕ್ತೀಯಾ?"

ಎತ್ತಿ ಕೂರಿಸಿರಬಹುದು. ಅದು ಸುಳ್ಳಲ್ಲ. ಹಾಗಾಗಿದ್ದರೆ ಅವಳು ಈಗ ತನ್ನ ಕೈಯಾರೆ ಮಾವನ ಅನ್ನಕ್ಕೂ ತನ್ನ ಅನ್ನಕ್ಕೂ ಮಣ್ಣು ಹಾಕಿದಂತೆ. ಒಂದು ಕ್ಷಣ ಅವಳ ಕೈ ಬುಟ್ಟಿಯೊಳಗೇ ನಿಂತಿತು.

"ಕೂರಿಸದೆಯೂ ಇರಬಹುದು," ಎಂದರು ಅಜ್ಜ, ಕೂತಲ್ಲಿಂದಲೇ. "ಕಾರ್ಯದರ್ಶಿಗಳೇ, ಅವಳ ತೋಳು ಬಿಡಿ."

ಫೋನು ಸಿಕ್ಕಿತು. ರಿಂಗಾಯಿತು. ರಿಂಗಾಗುತ್ತಲೇ ಹೋಯಿತು. ತಮ್ಮ ಎತ್ತಲಿಲ್ಲ. ಮತ್ತೆ ಒತ್ತಿದಳು. ಜೀವ ಬಾಯಿಗೆ ಬಂದಿತ್ತು. ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದುಕೊಂಡಿದ್ದಳು.

"ಏನಕ್ಕಾ, ಮುಗೀತಾ ಪ್ರವಚನ? ಚಪ್ಪಾಳೆ ಬಿತ್ತಾ, ಚಪ್ಪಲಿ ಬಿತ್ತಾ?"

ಅವಸರದಲ್ಲಿ ಫೋನಿನ ಸ್ಪೀಕರೂ ಒತ್ತಿಹೋಗಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೈಕು. ತಮ್ಮನ ಸ್ವರ ಹಾಲಿನ ನಾಲ್ಕೂ ಮೂಲೆಗಳಿಂದ ಹೊರಟಿತು. ಅದು ಅವಳಿಗೆ ತಿಳಿಯಲೇ ಇಲ್ಲ.

"ಎಲ್ಲಿದೀಯೋ?"

"ಇನ್ನೆಲ್ಲಿ, ಅರಮನೇಲಿ. ಚಾವಣಿ ಕೆಳಗೆ ಊಟಕ್ಕೆ ಕೂತಿದೀವಿ. ಹೊರಗಡೆ ಸಾಲು ಜಾಕಿ ಬಿಚ್ಚಾಯ್ತು, ಗೋಡೆ ಕಡೇದು ಉಂಡ ಮೇಲೆ."

"ಕಾಂಕ್ರೀಟ್ ಹಾಕೋವಾಗ ಮೇಲಿನ ಕಂಬಿ ಎತ್ತಿದ್ರೇನೋ? ಚೇರ್ ಕೊಟ್ಟಿದ್ರಾ?"

"ನೀನೇ ಚೆನ್ನಾಗಿದೆ ಅಂದ್ಯಲ್ಲಕ್ಕಾ. ಹಂಗೇ ಹಾಕಿದ್ವಿ." ಅವನು ಏನೋ ಅಗಿದ. "ಅಲ್ಲಾ, ಒಂದು ವಿಚಿತ್ರ ಕೇಳು. ಸೋರತ್ತಾ ನೋಡೋಣ ಅಂತ ಬೆಳಿಗ್ಗೆ ಚಾವಣಿ ಮೇಲೆ ನೀರು ನಿಲ್ಸಿದ್ವಿ. ಇಷ್ಟೊತ್ತು ಒಂದು ಹನಿ ಇಲ್ಲ. ಈಗ ಗೋಡೆ ಹತ್ರ ತೊಟಕ್ ತೊಟಕ್ ಅಂತ ನನ್ನ ತಟ್ಟೆಗೇ ಬೀಳ್ತಿದೆ. ಅನ್ನಕ್ಕೆ ನೀರು ಬಿಟ್ಕೊಂಡಂಗಾಯ್ತು."

ಹಾಲಿನಲ್ಲಿ ಯಾರೋ "ಅಯ್ಯೋ" ಎಂದರು. ಮೇಲೆ ನಿಂತ ನೀರು ಕೆಳಗಿಳಿಯಲು ದಾರಿ ಬೇಕು. ಕಾಂಕ್ರೀಟಿನಲ್ಲಿ ಆ ದಾರಿಗೆ ಬಿರುಕು ಎಂದು ಹೆಸರು. ಅದು ಗೋಡೆಯ ಪಕ್ಕದಲ್ಲೇ, ಮೇಲಿನಿಂದ ಕೆಳಗಿನವರೆಗೂ ಸೀಳಿತ್ತು ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

"ತಟ್ಟೆ ಬಿಡು. ಎಲ್ಲಾರ್ನೂ ಎಬ್ಬಿಸು. ರಸ್ತೆಗೆ ಹೋಗಿ."

"ಬಿಸಿಲು ಕಣಕ್ಕಾ..."

"ಅದು ಬೀಳತ್ತೋ! ತಲೆ ಮೇಲೆ ಬೀಳತ್ತೋ! ಏಳೋ, ನಿನ್ನ ಕಾಲಿಗೆ ಬೀಳ್ತೀನಿ!"

ಅಕ್ಕ ತಮಾಷೆ ಮಾಡುತ್ತಿಲ್ಲ ಎಂಬುದು ಆ ಸ್ವರಕ್ಕೆ ಅವನಿಗೆ ಅರ್ಥವಾಯಿತು. "ಏಯ್, ಏಳ್ರೋ! ಹೊರಗೆ! ತಟ್ಟೆ ಗಿಟ್ಟೆ ಬಿಡ್ರೋ!" ಪಾತ್ರೆಗಳು ಉರುಳಿದವು. ಓಡುವ ಕಾಲುಗಳು, ಬೈಗುಳ, ಜಲ್ಲಿಯ ಸದ್ದು.

"ಹೊರಗೆ ಬಂದ್ವಿ ಅಕ್ಕಾ. ಒಂದೆರಡು ಜಾಕಿ ವಾಪಸ್ ಹಚ್ಲಾ?"

"ಮುಟ್ಬೇಡ! ಹತ್ರಾನೂ ಹೋಗ್ಬೇಡ!"

"ಸರಿ, ಸರಿ." ಆಮೇಲೆ ಅವನ ಸ್ವರ ಬದಲಾಯಿತು. "ನಮ್ಮ ಕಿವುಡ ಬಡಗಿ ಎಲ್ರೋ?"

ದೂರದಿಂದ ಯಾರೋ: "ಗೋಡೆಗೆ ಒರಗಿ ಗೊರಕೆ ಹೊಡೀತಿದ್ದ..."

"ಅಕ್ಕಾ, ಒಂದ್ನಿಮಿಷ."

"ಹೋಗ್ಬೇಡ," ಎಂದಳು ಭೀಮಕ್ಕ. ಹೋಗಬೇಡ ಎಂದ ಬಾಯಿಂದಲೇ ಹೋಗು ಎನ್ನಬೇಕಿತ್ತು. ಅಲ್ಲಿ ಮಲಗಿದವನೂ ಯಾರದೋ ತಮ್ಮ. ಫೋನಿನೊಳಗೆ ಬೂಟುಗಳು ಓಡುತ್ತಿದ್ದವು. ಜಲ್ಲಿ. ಆಮೇಲೆ ಗಟ್ಟಿ ನೆಲ. "ಏಳಯ್ಯಾ! ಏಳು!" ಕಪಾಳಕ್ಕೆ ಬಾರಿಸಿದ ಸದ್ದು. ನಿದ್ದೆಗಣ್ಣಿನ ಒಂದು ಗೊಣಗು. ಎಳೆದಾಟ. ಮತ್ತೆ ಜಲ್ಲಿ.

ಆಮೇಲೆ ಬಂದ ಸದ್ದಿಗೆ ಹಾಲಿನ ಸ್ಪೀಕರು ಒಡೆದಂತೆ ಕಿರುಚಿತು. ಎಲ್ಲರೂ ಎದ್ದು ನಿಂತುಬಿಟ್ಟರು. ಯಾರೋ ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಅದಾದ ಮೇಲೆ ಏನೂ ಇಲ್ಲ. ಮರಳು ಉದುರುವಂಥ ಸರಸರ ಮಾತ್ರ.

ಭೀಮಕ್ಕ ತಮ್ಮನ ಹೆಸರು ಕೂಗಲಿಲ್ಲ. ಕೂಗಿ ಉತ್ತರ ಬರದಿದ್ದರೆ ಎಂಬ ಹೆದರಿಕೆ. ಮಾವ ಕಣ್ಣು ಮುಚ್ಚಿ ಬಾಗಿಲಿಗೆ ಒರಗಿದ್ದ.

ಕೆಮ್ಮು. ಇನ್ನೊಂದು ಕೆಮ್ಮು.

"ಅಕ್ಕಾ... ಬಿತ್ತು ಕಣೇ. ಪೂರ್ತಿ. ನಮ್ಮ ತಟ್ಟೆಗಳ ಮೇಲೆ."

"ನೀನು?"

"ಎಲ್ಲಾ ಇದೀವಿ. ಕಿವುಡನೂ ಇದಾನೆ. ಯಾಕೆ ಹೊಡೆದೆ ಅಂತ ನನ್ನ ಮೇಲೇ ಜಗಳಕ್ಕೆ ಬರ್ತಿದಾನೆ." ಅವನು ನಗಲು ಹೋದ. ಆ ನಗು ಅರ್ಧದಲ್ಲೇ ಅಳುವಾಯಿತು. ಭೀಮಕ್ಕ ನೆಲದ ಮೇಲೆ, ಚೆಲ್ಲಿದ ನೀರಿನಲ್ಲೇ ಕುಸಿದು ಕೂತಳು.

ಯಾರೋ ಅವಳ ಕೈಯಿಂದ ಮೈಕು ಬಿಡಿಸಿದರು. ಯಾರೋ ನೀರು ಕುಡಿಸಿದರು. ಮಾವ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಅವನ ಸ್ವರದಲ್ಲಿ ಯಜಮಾನನೂ ಇರಲಿಲ್ಲ, ಕಾರ್ಯದರ್ಶಿಯೂ ಇರಲಿಲ್ಲ. "ಆ ತೆರೆ ಆರಿಸಿಬಿಡೇ," ಎಂದ. "ಸಾಕು. ಮನೆಗೆ ಹೋಗೋಣ."

ಅವಳು ತೆರೆಯತ್ತ ನೋಡಿದಳು. ತಮ್ಮ ಇನ್ನೂ ಹಲ್ಲು ಕಿರಿಯುತ್ತಾ ನಿಂತಿದ್ದ. ಅವನ ಹಿಂದಿನ ಚಿತ್ರ ಯಾವುದು, ಮುಂದಿನದು ಯಾವುದು ಎಂದು ಅವಳಿಗೆ ಬಾಯಿಪಾಠವಿತ್ತು. ಮುಂದಿನದು ಶಾಲೆಯದು. ಮೇಲಿನ ಮಹಡಿಯ ಹೊರಗೆ, ಕಂಬವಿಲ್ಲದೆ ಗೋಡೆಯಿಂದಾಚೆ ಚಾಚಿಕೊಂಡ ಉದ್ದದ ವರಾಂಡ. ಅದಕ್ಕೂ ಅವಳು ಕೂತಲ್ಲೇ "ಹಾಕು" ಎಂದಿದ್ದಳು. ಅದರ ಜಾಕಿ ಬಿಚ್ಚಿ ಆಗಿತ್ತು. ಮಕ್ಕಳು ಓಡಾಡುತ್ತಿದ್ದರು. ಈಗ ಶಾಲೆಗೂ ಊಟದ ಬಿಡುವು.

"ಮನೆಗಲ್ಲ ಮಾವ," ಎಂದು ಅವನ ಭುಜ ಹಿಡಿದು ಎದ್ದಳು. ಮೈಕಿಲ್ಲದ ಸ್ವರ ಈಗ ಎಲ್ಲರಿಗೂ ಕೇಳಿಸಿತು. "ಎಲ್ಲರೂ ದಯವಿಟ್ಟು ಮುಂದೆ ಬನ್ನಿ. ತೆರೆ ಹತ್ರ. ಮುಂದಿನದು ಶಾಲೇದು, ಅಲ್ಲಿ ಕಂಬಿ ಮೇಲಿದೆಯೋ ನೋಡಿ ಹೇಳಿ. ನನ್ನ ಕಣ್ಣನ್ನ ನಾನು ನಂಬಲ್ಲ. ಅಜ್ಜ, ನೀವೂ."

ಕುರ್ಚಿಗಳು ಕರಕರ ಸರಿದವು. ಕೈತೊಳೆಯದವರು, ಬಾಯಿ ಒರೆಸದವರು, ಎಲ್ಲರೂ ಮೇಜುಗಳ ನಡುವೆ ನುಸುಳಿ ಬಂದು ತೆರೆಯ ಮುಂದೆ ಗುಂಪಾದರು. ಅಜ್ಜ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಏರಿಸಿಕೊಂಡರು. ಮಾವ ಎಲ್ಲರ ಹಿಂದೆ ನಿಂತು ತುದಿಗಾಲಿನಲ್ಲಿ ಇಣುಕಿದ.

ಭೀಮಕ್ಕ ತೆರೆಯ ಬಳಿಗೆ ಬಂದು ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದಳು.