ಕುಂಕುಮ ಇಟ್ಟಲ್ಲಿ ಹಾಡು

ನಾನು ಒಂದು ಲ್ಯಾಪ್‌ಟಾಪ್. ಹುಟ್ಟುಬಣ್ಣ ಕಪ್ಪು. ಹಿಟ್ಟಿನ ಗಿರಣಿಯವರ ಮನೆಯಲ್ಲಿ ಬಾಳಿದ್ದರಿಂದ ಈಗ ಬೂದು ಎಂದರೂ ನಡೆದೀತು. ಯಾವುದೋ ದೂರದ ದೇಶದ ಕಾರ್ಖಾನೆಯಲ್ಲಿ ನನ್ನ ಮೈ ಜೋಡಿಸಿದರು, ಆಮೇಲೆ ಒಳಗೆ ಬುದ್ಧಿ ತುಂಬಿದರು. ಆ ಬುದ್ಧಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಮನುಷ್ಯರಿಗೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ನಮ್ಮದು ಹಾಗಲ್ಲ, ಒಂದು ಮಧ್ಯಾಹ್ನದಲ್ಲಿ ಬದಲಾಯಿಸಿಬಿಡುತ್ತಾರೆ.

ನನ್ನನ್ನು ಮೊದಲು ಕೊಂಡವಳು ಸುರೇಖಾ. ಬ್ಯಾಂಕಿನ ಪರೀಕ್ಷೆಗೆ ನನ್ನ ಮುಂದೆ ಕೂತೇ ಓದಿದಳು, ಹುಬ್ಬಳ್ಳಿಯಲ್ಲಿ ಕೆಲಸ ಹಿಡಿದಳು. ಕೆಲಸ ಸಿಕ್ಕಮೇಲೆ ನಾನು ಮೂಲೆಗೆ ಬಿದ್ದೆ. ಅಟ್ಟ ಹತ್ತಿದ ಮೇಲೆ ಏಣಿ ಯಾರಿಗೆ ಬೇಕು? ಆದರೂ ಅವಳನ್ನು ಬಯ್ಯಲಾರೆ. ಬೆಟಗೇರಿಯಲ್ಲಿ ಗಿರಣಿ ನಡೆಸುತ್ತಿದ್ದ ತನ್ನ ಸೋದರತ್ತೆ ಚಂಪವ್ವನ ಮನೆಗೆ ನನ್ನನ್ನು ಒಯ್ದು ಕೊಟ್ಟವಳು ಅವಳೇ.

ಆ ಮನೆಯಲ್ಲಿ ಚಂಪವ್ವನ ಅಕ್ಕ ನೀಲಗಂಗವ್ವ ಇದ್ದಳು. ಬೀಸುಕಲ್ಲಿನ ಕಾಲದವಳು. ಬೀಸುವ ಪದ ಹೇಳತೊಡಗಿದರೆ ಜೋಳ ಮುಗಿಯುತ್ತಿತ್ತು, ಪದ ಮುಗಿಯುತ್ತಿರಲಿಲ್ಲವಂತೆ. ಈಗ ಅವಳಿಗೆ ಮರೆವು. ಅದು ಶುರುವಾದ ಹೊಸದರಲ್ಲಿ ಸುರೇಖಾ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ನೆನಪಿದ್ದ ಪದಗಳನ್ನೆಲ್ಲ ಹಾಡಿಸಿ ನನ್ನೊಳಗೆ ಇಟ್ಟಿದ್ದಳು. ಆಮೇಲೆ ಮರೆವು ಎಲ್ಲವನ್ನೂ ತಿಂದಿತು. ತಂಗಿಯನ್ನೇ ಒಮ್ಮೊಮ್ಮೆ "ಯವ್ವಾ" ಎಂದು ಕರೆಯುವಳು. ಆದರೆ ನಾನು ಅವಳದೇ ದನಿಯಲ್ಲಿ "ತಿರುಗವ್ವ ಕಲ್ಲೇ ಹಗುರಾಗಿ" ಎಂದರೆ ಸಾಕು, "ಮುತ್ತಿನ ಜ್ವಾಳ ಸುರಿತೀನಿ ಬಾಯಿಗೆ" ಎಂದು ಅವಳು ಎತ್ತಿಕೊಳ್ಳುತ್ತಿದ್ದಳು. ಹಾಡಿದ ಮೇಲೆ ರೊಟ್ಟಿ ತಿನ್ನುತ್ತಿದ್ದಳು. ಹಾಡಿಲ್ಲದ ದಿನ ಬಾಯಿಗೆ ತುತ್ತು ಹೋಗುತ್ತಿರಲಿಲ್ಲ.

ಚಂಪವ್ವನಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಮಹಾನವಮಿಯ ದಿನ ಗಿರಣಿಗೆ, ತಕ್ಕಡಿಗೆ, ಜರಡಿಗೆ ವಿಭೂತಿ ಕುಂಕುಮ ಹಚ್ಚಿದವಳು ನನ್ನ ಮುಂದೆ ನಿಂತು ಕೇಳಿದಳು: "ಸುರೇಖಾ, ಅಕ್ಕನ ಹಾಡು ಎಲ್ಲಿ ಅದಾವಬೇ?" ಸುರೇಖಾ ಪರದೆಯ ಕೆಳಮೂಲೆಯಲ್ಲಿದ್ದ ಒಂದು ಚಿತ್ರವನ್ನು ತೋರಿಸಿದಳು. ಚಂಪವ್ವ ಸರಿಯಾಗಿ ಅಲ್ಲಿಗೇ, ಗಾಜಿನ ಮೇಲೆ, ಕುಂಕುಮದ ಬೊಟ್ಟು ಇಟ್ಟಳು. "ಅಯ್ಯೋ ಅತ್ತಿ!" ಎಂದು ಸುರೇಖಾ ಕೂಗಿದರೂ ನನಗೆ ಒಳಗೊಳಗೇ ಹಿಗ್ಗು. ನನ್ನಂಥವರಿಗೆ ಯಾರು ಬೊಟ್ಟಿಡುತ್ತಾರೆ? ಅಂದಿನಿಂದ ಚಂಪವ್ವನ ವಿದ್ಯೆ ಅಷ್ಟೇ: ಪರದೆಯ ಮೇಲೆ ಓಡಾಡುವ ಬಾಣದ ಗುರುತನ್ನು ಕುಂಕುಮದ ಹತ್ತಿರ ಒಯ್ಯುವುದು, ಒತ್ತುವುದು. ಬೊಟ್ಟು ಮಾಸಿದರೆ ಮತ್ತೆ ಇಡುವುದು.

ಇನ್ನೊಂದು ರೂಢಿಯೂ ಇತ್ತು. ಪರದೆಯ ಮೇಲೆ ಏನಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಹೂಂ ಎಂದೇ ಒತ್ತುತ್ತಿದ್ದಳು. "ಮನಿ ಬಾಗಲಿಗೆ ಬಂದವ್ರಿಗೆ ಇಲ್ಲ ಅನಬಾರದು" ಎನ್ನುವಳು. ಹೀಗೆ ಬೇಡದ ಪ್ರೋಗ್ರಾಂ, ವೈರಸ್ಸು ಎಂದು ಕಂಡಕಂಡವರೆಲ್ಲ ನನ್ನೊಳಗೆ ಬಂದು ತಳವೂರಿದರು. ನನ್ನ ಹಳೆಯ ಬುದ್ಧಿ ಮೊದಲೇ ಸೋತಿತ್ತು. ಒಂದು ಬೆಳಿಗ್ಗೆ ಚಂಪವ್ವ ಎಷ್ಟು ಒತ್ತಿದರೂ ಹಾಡು ಬರಲಿಲ್ಲ. ನೀಲಗಂಗವ್ವ ಬೀಸುವವಳ ಹಾಗೆ ಕೈ ತಿರುಗಿಸುತ್ತ ಕಾದಳು, ಆಮೇಲೆ ಕೈ ನಿಲ್ಲಿಸಿದಳು. ಅಂದು ರೊಟ್ಟಿ ಮುಟ್ಟಲಿಲ್ಲ. ಮರುದಿನವೂ ಇಲ್ಲ. ನನಗೆ ಅಳಲು ಬಂದಿದ್ದರೆ ಅತ್ತುಬಿಡುತ್ತಿದ್ದೆ.

ಸುದ್ದಿ ತಿಳಿದು ಸುರೇಖಾ ಹುಬ್ಬಳ್ಳಿಯಿಂದ ಓಡಿಬಂದಳು. ಅತ್ತೆ ಸೊಸೆ ಇಬ್ಬರೂ ನನ್ನನ್ನು ಜಿಲಾನಿಯ ರಿಪೇರಿ ಅಂಗಡಿಗೆ ಒಯ್ದರು.

"ಹೊಸಾ ವಿಂಡೋಸ್ ಹಾಕ್ರಿ. ಎಲ್ಲಾರೂ ಅದನ್ನ ಬಳಸೋದು, ಕೆಟ್ರ ಹೇಳಿಕೊಡಾಕ ನಾಕು ಮಂದಿ ಸಿಗ್ತಾರ" ಎಂದಳು ಸುರೇಖಾ.

"ಅಕ್ಕಾರ, ಇದರ ಮೈಯಾಗ ಅದನ್ನ ಹೊರೋ ಶಕ್ತಿ ಇಲ್ರಿ. ಲಿನಕ್ಸ್ ಹಗುರ ಐತಿ. ಸಿಕ್ಕಸಿಕ್ಕದ್ದು ಒಳಗ ಬರೂದೂ ಕಡಿಮಿ" ಎಂದ ಜಿಲಾನಿ.

ಇಬ್ಬರ ಮಾತಿನಲ್ಲೂ ಹುರುಳಿತ್ತು. ಇಬ್ಬರದನ್ನೂ ಕೇಳಿಸಿಕೊಂಡ ಚಂಪವ್ವ ಎಂದಳು: "ತಮ್ಮಾ, ಹೆಸರು ಏನರ ಇರಲಿ. ಕುಂಕುಮದ ಹಂತ್ಯಾಕ ಒತ್ತಿದ್ರ ನಮ್ಮಕ್ಕ ಹಾಡಬೇಕು. ಹಂಗ ಹಾಡಿಸೋದನ್ನ ಹಾಕು."

ಜಿಲಾನಿ ಹಾಡುಗಳನ್ನು ಮೊದಲು ಬೇರೆ ಕಡೆ ಜೋಪಾನ ಮಾಡಿ, ಲಿನಕ್ಸ್ ಎಂಬ ಹೊಸ ಬುದ್ಧಿ ಹಾಕಿ, ಹಾಡುಗಳನ್ನು ಮರಳಿ ತುಂಬಿದ. ಮೈ ಹಗುರವಾಯಿತು. ಕೊಡುವಾಗ ಚೊಕ್ಕಟ ಇರಲೆಂದು ಅಕ್ಕರೆಯಿಂದ ಪರದೆಯನ್ನೂ ಒರೆಸಿದ. ಕುಂಕುಮ ಒರೆಸುವ ಬಟ್ಟೆಗೆ ಹೋಯಿತು. ಅದನ್ನು ಯಾರೂ ಗಮನಿಸಲಿಲ್ಲ. ಸುರೇಖಾ ಅಲ್ಲಿಂದಲೇ ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಮನೆಯಲ್ಲಿ ಚಂಪವ್ವ ನನ್ನನ್ನು ತೆರೆದಳು. ಬೊಟ್ಟಿಲ್ಲ, ಹಳೆಯ ಚಿತ್ರವೂ ಇಲ್ಲ. ಎಲ್ಲ ಹೊಸದು. ಬಾಣ ಹಿಡಿದು ಅಲೆದಳು. "ಅಕ್ಕಾ, ನಿನ್ನ ಹಾಡು ಎಲ್ಲಿ ಹುಡುಕಲಿ?" ಎಂದು ಅತ್ತೇಬಿಟ್ಟಳು. ಕೊನೆಗೆ, ಏನೂ ತೋಚದೆ, ಕುಂಕುಮದ ಭರಣಿ ತಂದು ಬಿಚ್ಚಿದಳು. ಎಲ್ಲಿ ಇಡಬೇಕೆಂದು ತಿಳಿಯದೆ ಬೆರಳು ಗಾಳಿಯಲ್ಲೇ ನಿಂತಿತು.

ನೀಲಗಂಗವ್ವ ಭರಣಿಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಕೈ ಚಾಚಿ ಕುಂಕುಮ ತೆಗೆದುಕೊಂಡು ನನ್ನ ಪರದೆಯ ನಟ್ಟನಡುವೆ ಹಚ್ಚಿದಳು. ಬೀಸಲು ಕೂರುವ ಮುಂಚೆ ಕಲ್ಲಿಗೆ ಹಚ್ಚುವ ರೂಢಿ ಅದು. ಹಚ್ಚಿ, ಕೈಮುಗಿದು, ತಾನೇ ಶುರುಮಾಡಿದಳು:

"ತಿರುಗವ್ವ ಕಲ್ಲೇ ಹಗುರಾಗಿ..."

ಮೊದಲ ಸಾಲನ್ನು ಅವಳು ತಾನಾಗಿ ಹಾಡಿದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಚಂಪವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. ಅಕ್ಕ ತಿಂದಳು.

ಭಾನುವಾರ ಸುರೇಖಾ ಬಂದಾಗ ಚಂಪವ್ವ ಬೊಟ್ಟು ಒರೆಸಲು ಬಿಡಲಿಲ್ಲ. "ಅಕ್ಕ ಇಟ್ಟಾಳ. ಹಾಡನ್ನ ಅಲ್ಲಿಗೆ ತಾ" ಎಂದಳು. ಸುರೇಖಾ ಹಾಡಿನ ಚಿತ್ರವನ್ನು ಎಳೆದು ತಂದು ಕುಂಕುಮದ ಪಕ್ಕಕ್ಕೆ ಕೂರಿಸಿದಳು. ಅಷ್ಟೇ ಕೆಲಸ. ಯಾವ ಬುದ್ಧಿ ಒಳ್ಳೆಯದೆಂದು ಯಾರಾದರೂ ನನ್ನನ್ನು ಕೇಳಿದರೆ, ಮನೆಯವರು ಬೊಟ್ಟಿಟ್ಟ ಜಾಗಕ್ಕೆ ಬಂದು ಕೂರುವ ಬುದ್ಧಿಯೇ ಒಳ್ಳೆಯದು ಎನ್ನುತ್ತೇನೆ.

ಹೋದ ಚಳಿಗಾಲದಲ್ಲಿ ನೀಲಗಂಗವ್ವ ತೀರಿಕೊಂಡಳು. ನನಗೂ ವಯಸ್ಸಾಯಿತು. ಬ್ಯಾಟರಿ ಸತ್ತಿದೆ, ವೈರು ಚುಚ್ಚಿದರಷ್ಟೇ ಜೀವ. ಹಳೆಯ ಬೀಸುಕಲ್ಲಿನ ಪಕ್ಕದಲ್ಲಿ ನನ್ನ ಜಾಗ. ಆದರೂ ಗಿರಣಿಯ ಸದ್ದು ಏಳುವ ಮುಂಚೆ ಚಂಪವ್ವ ಬಂದು ಕೂರುತ್ತಾಳೆ, ಬೊಟ್ಟಿನ ಹತ್ತಿರ ಒತ್ತುತ್ತಾಳೆ. ಮೊದಲ ಸಾಲನ್ನು ಅಕ್ಕ ನನ್ನೊಳಗಿನಿಂದ ಹಾಡುತ್ತಾಳೆ. ಎರಡನೆಯ ಸಾಲನ್ನು ಈಗ ಚಂಪವ್ವ ಎತ್ತಿಕೊಳ್ಳುತ್ತಾಳೆ.