ಹನ್ನೊಂದು ಸಲ ವಾಪಸ್ ಬಂದ ಬಟನ್

ತೀರಿಹೋದ ಗಂಡನ ಕಾಲಬುಡದಿಂದ ಆ ದೊಡ್ಡ ಹೂಗುಚ್ಛವನ್ನು ಎತ್ತಿ ಅವಳು ಮೂರನೇ ಸಲ ಬಾಗಿಲ ಮೂಲೆಗೆ ತಳ್ಳಿದಳು.

“ಅಕ್ಕಾ, ಹೂವು ಏನ್ ತಪ್ಪು ಮಾಡ್ತು?” ತಂಗಿ ಪಿಸುಗುಟ್ಟಿದಳು.

“ತಂದೋಳನ್ನ ಕೇಳು.”

ತಂದವಳು ಕಿಟಕಿಯ ಹತ್ತಿರ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಅಳುವುದಕ್ಕೂ ಒಂದು ಹಕ್ಕು ಬೇಡವೇ? ಆರು ವರ್ಷ ಅವನು ದಿನಾ ಬೆಳಗ್ಗೆ ಬರೆದದ್ದೆಲ್ಲ ಇವಳಿಗೇ. ಒಬ್ಬರ ಮುಖ ಒಬ್ಬರು ನೋಡಿಯೇ ಇರಲಿಲ್ಲವಂತೆ. ಅಂತೆ!

*

ಮನೆಮನೆಯ ನೀರಿನ ಮೀಟರ್ ಓದಲು ಹೊರಡುವ ಮುಂಚೆ ಅವನು ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ತಿದ್ದುತ್ತಿದ್ದದ್ದು ಮಾತ್ರೆಯ ಹೊತ್ತು ನೆನಪಿಸುವ ಒಂದು ಬಿಟ್ಟಿ ಆ್ಯಪ್. ಹೆಂಡತಿಯ ಫೋನಿಗೂ ಹಾಕಿಕೊಟ್ಟಿದ್ದ. ಅದರ ಕೋಡ್ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಸೇರಿಸುವುದು ಬಿಡುವುದು ಮಾತ್ರ ಅದನ್ನು ನಡೆಸುವ ‘ಮೇಡಂ’ ಕೈಯಲ್ಲಿ.

“ಮತ್ತೆ ವಾಪಸ್ ಕಳಿಸಿದಾಳೆ ನೋಡು!” ಎಂದು ಮೇಜು ಗುದ್ದುತ್ತಿದ್ದ. ಕಣ್ಣು ಹೊಳೆಯುತ್ತಿತ್ತು. ಪುಟಗಟ್ಟಲೆ ಜಗಳ ಬರೆಯುತ್ತಿದ್ದ.

ಹೆಂಡತಿ ಏನಂದರೂ ಮಾತ್ರ ಅವನದು “ಆಯ್ತು”. ಊಟಕ್ಕೆ ಉಪ್ಪು ಜಾಸ್ತಿಯಾದರೂ ಆಯ್ತು, ಗೋಡೆಗೆ ಗಿಳಿಹಸಿರು ಬಳಿಸಿದರೂ ಆಯ್ತು. ಮೂವತ್ತು ವರ್ಷದಲ್ಲಿ ಅವಳ ಪಾಲಿಗೆ ಒಂದು ಒಳ್ಳೆಯ ಜಗಳ ಸಿಗಲಿಲ್ಲ. ಹೊಟ್ಟೆ ಉರಿದುಹೋಗುತ್ತಿತ್ತು.

*

ಸ್ಮಶಾನದ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿತ್ತು. ಕಿಟಕಿಯ ಹತ್ತಿರದಿಂದ ಮೇಡಂ ಎದ್ದು ಬಂದಳು.

“ಅವರ ಕೊನೇ ತಿದ್ದುಪಡಿ ಇನ್ನೂ ನನ್ನ ಹತ್ರಾನೇ ಇದೆ. ಹನ್ನೊಂದು ಸಲ ವಾಪಸ್ ಕಳಿಸಿದ್ದೆ.”

“ಗೊತ್ತು. ಅದೇ ಸಂಭ್ರಮ ಅವ್ರಿಗೆ.”

“‘ಮಾತ್ರೆ ತಗೊಂಡೆ’ ಅನ್ನೋ ಬಟನ್ ದೊಡ್ಡದು ಮಾಡಿ, ಕಪ್ಪು ಮಾಡಿ ಅಂತಿದ್ರು. ಯಾರೋ ಒಬ್ಬರಿಗೋಸ್ಕರ ಆಗಲ್ಲ ಅಂದೆ. ಏನ್ ಬರೆದ್ರು, ಓದ್ಲಾ?”

ಉತ್ತರಕ್ಕೆ ಕಾಯದೆ ಮೇಡಂ ಫೋನ್ ತೆಗೆದು ಓದಿದಳು.

“‘ನನ್ನ ಹೆಂಡತಿಗೆ ಕಣ್ಣು ಮಂಜು. ಕನ್ನಡಕ ಅಂದ್ರೆ ಮೈಮೇಲೆ ಬರ್ತಾಳೆ. ಬಟನ್ ಕಾಣಲ್ಲ, ಒತ್ತಲ್ಲ. ಫೋನ್ ಮತ್ತೆ ಕೂಗುತ್ತೆ, ಇವಳು ಮತ್ತೆ ನುಂಗ್ತಾಳೆ. ಅವಳ ಹತ್ರ ಜಗಳ ಆಡಿ ಗೆಲ್ಲೋಕೆ ನನ್ನ ಕೈಲಾಗಲ್ಲ. ಅದಕ್ಕೇ ನಿಮ್ಮ ಹತ್ರ ಆಡ್ತಿದೀನಿ.’”

ತಂಗಿ ಬಿಕ್ಕಿದಳು. ಅಕ್ಕನಿಗೆ ಅಳು ಬರಲಿಲ್ಲ, ಮತ್ತಷ್ಟು ಉರಿಯಿತು. ತನಗೆ ಸಲ್ಲಬೇಕಾದ ಜಗಳವನ್ನೂ ಇವಳೇ ಆಡಿ ಮುಗಿಸಿದಳಲ್ಲ!

“ಇವತ್ತು ಸೇರಿಸ್ತೀನಿ, ಒಂದು ಬಟನ್ ಒತ್ತಿದ್ರೆ ಆಯ್ತು,” ಎಂದು ಮೇಡಂ ಫೋನಿನಲ್ಲಿ ಆ ತಿದ್ದುಪಡಿ ತೆರೆದಳು.

“ಕೊಡಿ ಇಲ್ಲಿ. ನಾನೇ ಒತ್ತೋದು.”

ಕಿತ್ತುಕೊಂಡ ಫೋನನ್ನು ಮೂಗಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಬೆರಳು ಬಿಳಿ ಪರದೆಯ ಮೇಲೆಲ್ಲ ಅಲೆಯಿತು.

“ಎಲ್ಲಿ ಸತ್ತಿದೆ ಈ ಬಟನ್ನು?”

ಮೇಡಂ ಅವಳ ತೋರುಬೆರಳು ಹಿಡಿದು ಜಾಗಕ್ಕೆ ತಂದಳು. ಅವಳು ಒತ್ತಿದಳು. ಒತ್ತಿದ ಮೇಲೂ ಬೆರಳನ್ನು ಬಿಡಿಸಿಕೊಳ್ಳಲಿಲ್ಲ.