ಕಪಿಲೆ ನೋಡಿದ ಕಡೆ

“ನಾಲಿಗೆ ಇಲ್ಲಿ, ಕಣ್ಣು ಯಾಕೆ ಅಲ್ಲಿ?”

ಹಸುವನ್ನೇ ನೋಡುತ್ತ ಒಗೆಯುವ ಕಲ್ಲಿನ ಮೇಲೆ ಕುಳಿತ ಚೂಡಾಮಣಿ ಯಾರನ್ನೂ ಉದ್ದೇಶಿಸಿ ಹೀಗೆ ಕೇಳಲಿಲ್ಲ. ತುಳಸಿಗೆ ನೀರು ಹಾಕುತ್ತಿದ್ದ ಅಲಮೇಲಮ್ಮನವರ ಕೈ ಮಾತ್ರ ನಿಂತಿತು.

ಸರಸ್ವತಿಪುರಂ ಆಗಿನ್ನೂ ಹೊಸ ಬಡಾವಣೆ. ಎಷ್ಟೋ ಮನೆಗಳ ಹಿತ್ತಲಲ್ಲಿ ಹಸು ಇರುತ್ತಿತ್ತು. ಅಲಮೇಲಮ್ಮನವರ ಹಸು ಕಪಿಲೆ. ಕಾಯಿಲೆ ಬಿದ್ದ ಅದರ ಕರುವನ್ನು ಹಾಲು ಕರೆಯುವ ಹುಚ್ಚಣ್ಣ ಹಿತ್ತಲ ಬಾಗಿಲಿಂದ ಆಸ್ಪತ್ರೆಗೆಂದು ಹೊತ್ತೊಯ್ದಿದ್ದ. ಕರು ದಾರಿಯಲ್ಲೇ ಸತ್ತಿತು. ಕಪಿಲೆ ಹಾಲು ಇಳಿಸದೆ ಒದೆಯತೊಡಗಿದಾಗ ಅವನು ಎಲ್ಲರೂ ಮಾಡುವುದನ್ನೇ ಮಾಡಿದ: ಕರುವಿನ ತೊಗಲಿಗೆ ಹುಲ್ಲು ತುಂಬಿ, ಹೊಲಿದು, ಹಸುವಿನ ಮುಂದೆ ನಿಲ್ಲಿಸಿದ. ಕಪಿಲೆ ನೆಕ್ಕಿತು, ಹಾಲೂ ಇಳಿಸಿತು. ತಾಯಿಗೆ ಸಮಾಧಾನವಾಯಿತೆಂದು ನಂಬಿದ ಅಲಮೇಲಮ್ಮ ದಿನವೂ ಆ ಹಾಲನ್ನು ಬೆಳ್ಳಿ ಬಟ್ಟಲಲ್ಲಿ ಕೃಷ್ಣನ ಮುಂದಿಟ್ಟು ಕೈಮುಗಿಯುತ್ತಿದ್ದರು.

ಹೊರಕೋಣೆಗೆ ಬಾಡಿಗೆಗೆ ಬಂದ ಚೂಡಾಮಣಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು. ಪ್ರಾಣಿಗಳು ಎಲ್ಲಿ ನೋಡುತ್ತವೆ ಎಂಬುದೇ ಅವಳ ಸಂಶೋಧನೆ. ಮದುವೆಯ ವಯಸ್ಸಿನಲ್ಲಿ ಹಸುವಿನ ಮುಖ ನೋಡಿಕೊಂಡು ಕೂತಿದ್ದಾಳೆ ಎಂದು ಬೀದಿಯವರು ನಗುತ್ತಿದ್ದರು. ಅಲಮೇಲಮ್ಮನವರಿಗೆ ನಗು ಬರಲಿಲ್ಲ. ಅವರ ತಂದೆ ಗುಡಿಯಲ್ಲಿ ಕಾವ್ಯ ವಾಚನ ಮಾಡುತ್ತಿದ್ದವರು. ಕೇಳುವವರು ತಲೆದೂಗುವುದನ್ನು ನಂಬಬೇಡ, ಕಣ್ಣು ಎಲ್ಲಿದೆ ನೋಡು, ಪದ್ಯ ಯಾರಿಗೆ ಮುಟ್ಟಿತೆಂದು ಆಗ ತಿಳಿಯುತ್ತದೆ ಎಂದು ಕಂಬದ ಪಕ್ಕ ಕೂತ ಮಗಳಿಗೆ ಹೇಳುತ್ತಿದ್ದರು.

ಈ ಹುಡುಗಿಯ ತಾಳ್ಮೆ ಅವರ ತಾಳ್ಮೆಗೂ ಮಿಗಿಲು. ಹಸುವಿನ ಕಣ್ಣು ಪಕ್ಕಕ್ಕಿರುವುದರಿಂದ ಕಿವಿಯನ್ನೂ ಕತ್ತನ್ನೂ ಕೂಡಿಸಿಕೊಂಡೇ ತಿಳಿಯಬೇಕು ಎಂದಳು. ಹುಲ್ಲುಗರುವನ್ನು ನೆಕ್ಕುವಾಗಲೂ ಕಪಿಲೆಯ ಕಿವಿ, ಕಣ್ಣು ಎಲ್ಲ ಹಿತ್ತಲ ಬಾಗಿಲ ಕಡೆಗೇ. ಅಷ್ಟಕ್ಕೇ ಅವಳು ತೀರ್ಪು ಕೊಡಲಿಲ್ಲ. ಬಾಗಿಲಾಚೆ ಏನಾದರೂ ಸದ್ದಿರಬಹುದೆಂದು ಓಣಿಯಲ್ಲಿ ಹೋಗಿ ನಿಂತಳು; ಏನೂ ಇರಲಿಲ್ಲ. ಹಸುವನ್ನು ಬಾಗಿಲಿಗೆ ಬೆನ್ನು ಮಾಡಿ ಬೇರೆ ಗೂಟಕ್ಕೆ ಕಟ್ಟಿಸಿದಳು. ಕಪಿಲೆ ಹಗ್ಗ ಜಗ್ಗಿ ಮತ್ತೆ ಅತ್ತಲೇ ತಿರುಗಿತು.

“ಎತ್ತಗಾರ ನೋಡ್ಕಳ್ಳಿ ಬುಡಿ ಅಮ್ಮಾವ್ರೆ, ಆಲು ಕೊಡ್ತದಲ್ಲ,” ಎಂದ ಹುಚ್ಚಣ್ಣ.

ಅಲಮೇಲಮ್ಮ ಚೂಡಾಮಣಿಯ ಕಡೆ ತಿರುಗಿದರು. “ಇದಕ್ಕೆ ಮೋಸ ಗೊತ್ತಾಗಿದೆಯೇನಮ್ಮ?”

“ಅದನ್ನ ನಾನು ಹೇಳಲಾರೆ. ತೊಗಲಿನ ವಾಸನೆಗೇ ಹಾಲು ಇಳೀತಿರಬಹುದು. ನೋಡ್ತಿರೋದು ಮಾತ್ರ ಇದನ್ನಲ್ಲ.”

ಕಂಡಷ್ಟನ್ನೇ ಹೇಳಿ ನಿಲ್ಲಿಸಿದ ಆ ಮಾತಿಗೆ ಅಲಮೇಲಮ್ಮ ಮನಸ್ಸಿನಲ್ಲೇ ತಲೆಬಾಗಿದರು. ಆದರೆ ಅವತ್ತು ದೇವರ ಮುಂದೆ ಹಾಲಿಟ್ಟಾಗ ಕೈ ಮೇಲೇಳಲಿಲ್ಲ. ಕಾಯುತ್ತಿರುವ ತಾಯಿಯ ಎದುರು ಹುಲ್ಲಿನ ಮೂಟೆ ಇಟ್ಟು ಕರೆದ ಹಾಲು. ಅದನ್ನು ಈ ಕೃಷ್ಣನಿಗೆ ಕೊಡುವುದು ಹೇಗೆ?

ಮರುದಿನ ಅಲಮೇಲಮ್ಮ ಹೇಳಿದ್ದಕ್ಕೆ ಹುಚ್ಚಣ್ಣ ಗೊಣಗುತ್ತ ಹುಲ್ಲುಗರುವನ್ನು ತನ್ನ ಮನೆಗೆ ಒಯ್ದ. ಹಾಲು ನಿಂತೇಹೋಯಿತು, ಕಪಿಲೆ ಮೇವನ್ನೂ ಮೂಸಲಿಲ್ಲ. ಚೂಡಾಮಣಿ ಮತ್ತೆ ಕಲ್ಲಿನ ಮೇಲೆ ಕುಳಿತಳು. ಪಕ್ಕದ ಮನೆಯ ಹಸು ಬೇಲಿಯ ಸಂದಿಯಲ್ಲಿ ಕಂಡಾಗ ಮಾತ್ರ ಕಪಿಲೆಯ ಕಣ್ಣು ಬಾಗಿಲು ಬಿಡುವುದನ್ನು ಹಿಡಿದವಳು ಅವಳೇ. ನೆರೆಯವರನ್ನು ಒಪ್ಪಿಸಿ ಬೇಲಿ ಬಿಚ್ಚಿಸಿದರು. ಎರಡೂ ಹಸುಗಳು ಒಟ್ಟಿಗೆ ಮೇಯತೊಡಗಿದ ಮೇಲೆ ಒಂದು ಬೆಳಗ್ಗೆ ಬಟ್ಟಲು ತುಂಬುವಷ್ಟು ಹಾಲು ಇಳಿಯಿತು. ಅಲಮೇಲಮ್ಮ ಕೃಷ್ಣನ ಮುಂದೆ ತಂದೆಯ ಪದ್ಯವೊಂದನ್ನು ಗಟ್ಟಿಯಾಗಿಯೇ ಹೇಳಿಕೊಂಡರು.

ಆ ವಾರವೇ ಚೂಡಾಮಣಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಪ್ರೊಫೆಸರು ಕಣ್ಣಾರೆ ನೋಡದೆ ಒಪ್ಪುವುದಿಲ್ಲವಂತೆ. ಹುಲ್ಲುಗರುವನ್ನು ಇನ್ನೊಂದೇ ಬೆಳಗ್ಗೆ ಇಡಿಸಿದರೆ ಇಷ್ಟು ದಿನದ ಕೆಲಸ ಉಳಿಯುತ್ತದೆ ಎಂದಳು.

ಅಲಮೇಲಮ್ಮ ಕಾಫಿ ಲೋಟವನ್ನು ಅವಳ ಕೈಗಿತ್ತರು.

“ನಿನ್ನ ಕೆಲಸ ದೊಡ್ಡದು ಕಣಮ್ಮ. ಆದರೆ ಆ ಕರು ಈ ಹಿತ್ತಲಿಗೆ ಮತ್ತೆ ಬರೋದಿಲ್ಲ. ಒಂದು ಬೆಳಗ್ಗೆಗೂ ಇಲ್ಲ.”